ಬೇಡ ಅನ್ನಿಸಿಕೊಳ್ಳುವ ಕೆಲಸ

ಮಿಷನರಿ ಅಂದಕೂಡಲೇ ಕನ್ನಡದವರಿಗೆ ನೆನಪಾಗುವುದು ಕಿಟ್ಟೆಲ್. 1853ರಲ್ಲಿ ಬಂದರು, ಭಾಷೆಯೊಳಗೆ ಮುಳುಗಿದರು, 1894ರಲ್ಲಿ ನಿಘಂಟು ಕೊಟ್ಟರು. ಅದಕ್ಕೂ ಮುಂಚೆ, 1843ರಲ್ಲೇ, ಮೊಗ್ಲಿಂಗ್ ಮಂಗಳೂರಿನಲ್ಲಿ ಪತ್ರಿಕೆ ಶುರು ಮಾಡಿದ್ದರು. ಗಡ್ಡ, ಪಾಂಡಿತ್ಯ, ಜೀವಮಾನದ ಕೆಲಸ: ನಮ್ಮ ತಲೆಯಲ್ಲಿ ಕೂತಿರುವ ಮಿಷನರಿ ಇಂಥವನು. ಜಪಾನಿನ ಒಂದು ನಡುಗಾತ್ರದ ಊರಿನ ರೈಲು ನಿಲ್ದಾಣದ ಎದುರು ಸಿಗುವ ಮಿಷನರಿಗಳು ಬೇರೆ ಥರ. ಇಬ್ಬರು ಹುಡುಗರು, ಬಿಳಿ ಶರ್ಟು, ಟೈ, ತಲೆಗೆ ಹೆಲ್ಮೆಟ್ಟು, ಎದೆಯ ಮೇಲೆ ಕಪ್ಪು ಫಲಕ, ಪಕ್ಕದಲ್ಲಿ ಸೈಕಲ್ಲು. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ನಮ್ಮಲ್ಲಾದರೆ ಪಿಯುಸಿ ದಾಟಿ ಡಿಗ್ರಿಯ ಎರಡನೇ ವರ್ಷದಲ್ಲಿ ಇರಬೇಕಾದವರು. ದೇವತಾಶಾಸ್ತ್ರ ಓದಿದವರಲ್ಲ, ಪಾದ್ರಿಗಳೂ ಅಲ್ಲ. ಎರಡು ವರ್ಷ ಮುಗಿದ ಮರುದಿನ ವಿಮಾನ ಹತ್ತಿ ಮನೆಗೆ ಹೋಗುವವರು.

ಈ ಹುಡುಗರನ್ನು ಜನ ಮಾರ್ಮನ್ ಅನ್ನುತ್ತಾರೆ, ಅದು ಅಡ್ಡಹೆಸರು. 2018ರಿಂದ ಆ ಚರ್ಚಿನವರೇ ಹಾಗೆ ಕರೆಯಬೇಡಿ ಎನ್ನುತ್ತಿದ್ದಾರೆ. ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ್ದು, ಈಗಿನ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಗಂಡುಹುಡುಗರಿಗೆ 24 ತಿಂಗಳ ಸೇವೆ, ಹೆಣ್ಣುಮಕ್ಕಳಿಗೆ 18 ತಿಂಗಳು. 2012ರ ತನಕ ಹುಡುಗರಿಗೆ 19, ಹುಡುಗಿಯರಿಗೆ 21 ತುಂಬಬೇಕಿತ್ತು. ಆ ವರ್ಷ ಅದನ್ನು 18 ಮತ್ತು 19ಕ್ಕೆ ಇಳಿಸಿದ ಮೇಲೆ ಹೈಸ್ಕೂಲು ಮುಗಿಸಿ ನೇರವಾಗಿ ಹೊರಡುವವರು ಹೆಚ್ಚಾದರು. ಜಗತ್ತಿನಾದ್ಯಂತ ಒಂದೇ ಹೊತ್ತಿಗೆ ಹೀಗೆ ಹೊರಟವರು ಎಪ್ಪತ್ತು ಸಾವಿರಕ್ಕೂ ಮೀರಿ ಇರುತ್ತಾರೆ. ಬೆಂಗಳೂರಿಗೂ 1993ರಲ್ಲೇ ಒಂದು ಮಿಷನ್ ಬಂತು. 2018ರಲ್ಲಿ ಅಲ್ಲೊಂದು ದೇವಾಲಯ ಕಟ್ಟುವುದಾಗಿಯೂ ಘೋಷಣೆಯಾಯಿತು. ಆದರೆ ಈ ಕೆಲಸದ ನಿಜವಾದ ಸ್ವಭಾವ ತಿಳಿಯಬೇಕಾದರೆ ಜಪಾನನ್ನೇ ನೋಡಬೇಕು. ಅಲ್ಲಿ ಜನ ಜಗಳ ಆಡುವುದಿಲ್ಲ, ಬಯ್ಯುವುದಿಲ್ಲ, ಕಲ್ಲು ಹೊಡೆಯುವುದಿಲ್ಲ. ಬಹಳ ಮರ್ಯಾದೆಯಿಂದ ಬೇಡ ಅನ್ನುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಅನ್ನುತ್ತಾರೆ.

ಎಲ್ಲಿಗೆ ಹೋಗಬೇಕೆಂದು ಆರಿಸಿಕೊಳ್ಳುವ ಅವಕಾಶ ಇಲ್ಲ. ವೈದ್ಯರ, ಹಲ್ಲಿನ ಡಾಕ್ಟರರ ವರದಿ ಸೇರಿಸಿ, ಊರಿನ ಬಿಷಪ್ಪರ ಸಂದರ್ಶನ ಮುಗಿಸಿ ಅರ್ಜಿ ಹಾಕಿದರೆ ಉತ್ತರ ಬರುತ್ತದೆ: ಇಂಥ ಮಿಷನ್, ಇಂಥ ಭಾಷೆ, ಇಂಥ ದಿನ ಹಾಜರಾಗು. ಮೊದಲು ದೊಡ್ಡ ಬಿಳಿ ಲಕೋಟೆಯಲ್ಲಿ ಬರುತ್ತಿತ್ತು, 2018ರ ಕೊನೆಯಿಂದ ಮೊಬೈಲಿಗೇ ಬರುತ್ತದೆ. ಸಂಬಳ ಇಲ್ಲ. ತಿರುಗಿ ಇವರೇ ದುಡ್ಡು ಕಟ್ಟಬೇಕು. ಅಮೆರಿಕದವರಿಗೆ ತಿಂಗಳಿಗೆ 400 ಡಾಲರ್ ಇದ್ದದ್ದು 2020ರ ಜುಲೈನಿಂದ 500 ಆಯಿತು. ಟೋಕಿಯೋಗೆ ಹೋದರೂ ಅಷ್ಟೇ, ಬಡ ದೇಶಕ್ಕೆ ಹೋದರೂ ಅಷ್ಟೇ. 1991ಕ್ಕಿಂತ ಮುಂಚೆ ಆಯಾ ಊರಿನ ಖರ್ಚು ಆಯಾ ಮನೆಯವರದ್ದಾಗಿತ್ತು, ಜಪಾನ್ ಬಂತೆಂದರೆ ಅಪ್ಪ ಅಮ್ಮನಿಗೆ ಖುಷಿಯ ಜೊತೆಗೆ ಎದೆ ಧಸಕ್ ಅಂದಿರಲೂಬೇಕು. ಈಗ ದುಡ್ಡು ಒಂದು ಸಾಮಾನ್ಯ ನಿಧಿಗೆ ಹೋಗುತ್ತದೆ. ಮನೆ ಬಾಡಿಗೆ ಮಿಷನ್ ಕೊಡುತ್ತದೆ, ಊಟಕ್ಕೂ ಓಡಾಟಕ್ಕೂ ತಿಂಗಳಿಗಿಷ್ಟು ಯೆನ್ ಎಂದು ಕಾರ್ಡಿಗೆ ಬೀಳುತ್ತದೆ. ಮೊದಲ ಹತ್ತು ದಿನ ಅಂಗಡಿಯ ರೆಡಿ ಊಟ ಕೊಂಡವರು ಕೊನೆಯ ಹತ್ತು ದಿನ ಅನ್ನ, ಮೊಟ್ಟೆ, ಎಲೆಕೋಸು, ಮೊಳಕೆಕಾಳು ಬೇಯಿಸಿಕೊಂಡು ತಿನ್ನುತ್ತಾರೆ. ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾಷೆಯ ವಿಷಯಕ್ಕೆ ಬರೋಣ. ಜಪಾನಿಗೆ ಹೊರಟ ಅಮೆರಿಕದ ಹುಡುಗನಿಗೆ ಯೂಟಾದ ಪ್ರೋವೋ ಊರಿನ ತರಬೇತಿ ಕೇಂದ್ರದಲ್ಲಿ ಸುಮಾರು ಒಂಬತ್ತು ವಾರ ಸಿಗುತ್ತದೆ. ಕೋವಿಡ್ ನಂತರ ಅದರ ಮೊದಲ ಭಾಗ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ. ಒಂಬತ್ತು ವಾರದಲ್ಲಿ ಜಪಾನಿ ಬರುತ್ತದೆಯೇ? ಬರುತ್ತದೆ, ಆದರೆ ತಲೆಕೆಳಗಾಗಿ ಬರುತ್ತದೆ. ಮೊದಲ ವಾರವೇ ಪ್ರಾರ್ಥನೆ ಮಾಡಲು ಕಲಿಸುತ್ತಾರೆ. ಆಮೇಲೆ ತನ್ನ ನಂಬಿಕೆಗೆ ಸಾಕ್ಷಿ ಹೇಳಲು. ಶಿಕ್ಷಕನೇ ಆಸಕ್ತ ಗೃಹಸ್ಥನ ವೇಷ ಹಾಕಿ ಕೂರುತ್ತಾನೆ, ಹುಡುಗರು ಅವನಿಗೆ ಪಾಠ ಒಪ್ಪಿಸುತ್ತಾರೆ. ಹೀಗಾಗಿ ಜಪಾನಿನಲ್ಲಿ ಇಳಿಯುವ ಹೊತ್ತಿಗೆ ಪಾಪವಿಮೋಚನೆ, ಪುನರುತ್ಥಾನ, ಪಶ್ಚಾತ್ತಾಪ ಎಲ್ಲಕ್ಕೂ ಶಬ್ದ ಗೊತ್ತಿರುತ್ತದೆ. ಸ್ಕ್ರೂಡ್ರೈವರಿಗೆ, ಗ್ಯಾಸ್ ಸೋರಿಕೆಗೆ, ಪಕ್ಕದಲ್ಲಿ ಸ್ವಲ್ಪ ಗಿಡ್ಡ ಕತ್ತರಿಸಿ ಎಂದು ಕ್ಷೌರದವನಿಗೆ ಹೇಳಲು ಶಬ್ದ ಇರುವುದಿಲ್ಲ. ದೇವರನ್ನು ಕರೆಯುವ ಅತಿ ಗೌರವದ ರೂಪಗಳು ನಾಲಿಗೆಗೆ ಹತ್ತಿರುತ್ತವೆ, ಪಕ್ಕದ ಮನೆಯ ಮಗುವಿನ ಜೊತೆ ಸಲಿಗೆಯಿಂದ ಮಾತಾಡಲು ಬಾರದು. ಹಳಗನ್ನಡದಲ್ಲಿ ಸ್ತೋತ್ರ ಹೇಳಬಲ್ಲವನು ಬಿಎಂಟಿಸಿ ಕಂಡಕ್ಟರಿಗೆ ಚಿಲ್ಲರೆ ಕೇಳಲು ತಡವರಿಸಿದ ಹಾಗೆ.

ಶಬ್ದ ಗೊತ್ತಿದ್ದರೂ ಅರ್ಥ ಕೈಕೊಡುತ್ತದೆ. ಜಪಾನಿಯಲ್ಲಿ ದೇವರಿಗೆ ಕಾಮಿ. ಆದರೆ ಕೇಳುವವರಿಗೆ ಬೆಟ್ಟದಲ್ಲಿ ಒಬ್ಬ ಕಾಮಿ, ಹಳೆಯ ಮರದಲ್ಲಿ ಒಬ್ಬ, ಭತ್ತದ ಗದ್ದೆಗೆ ಮತ್ತೊಬ್ಬ. ಊರೂರಿಗೂ ಭೂತ, ಮಾರಮ್ಮ, ಮೈಲಾರ ಇರುವ ನಾಡಿನ ಓದುಗರಿಗೆ ಇದು ಸಲೀಸಾಗಿ ತಿಳಿಯುತ್ತದೆ. ಒಬ್ಬನೇ ದೇವರು, ಅವನಿಗೆ ಮಗ ಎಂದು ಹುಡುಗ ಹೇಳಿದರೆ ಎದುರಿನವರು ತಲೆಯಾಡಿಸುತ್ತಾರೆ. ಒಪ್ಪಿಗೆಯಿಂದಲ್ಲ, ಪಟ್ಟಿಗೆ ಇನ್ನೊಬ್ಬ ಸೇರಿದ ಎನ್ನುವಂತೆ. ಹೊಸ ವರ್ಷಕ್ಕೆ ಶಿಂಟೋ ಗುಡಿ, ಮದುವೆಗೆ ಚರ್ಚಿನಂಥ ಮಂಟಪ, ಸಾವಿಗೆ ಬೌದ್ಧ ಭಿಕ್ಷು. ಒಂದೇ ಮನೆಯವರು ಮೂರನ್ನೂ ಮಾಡುತ್ತಾರೆ, ಯಾರಿಗೂ ಇರುಸುಮುರುಸಿಲ್ಲ. ಅಂಥವರಿಗೆ ಒಂದನ್ನೇ ಆರಿಸಿಕೊ ಅನ್ನುವ ಬೇಡಿಕೆಯೇ ವಿಚಿತ್ರ.

ದಿನದ ಲೆಕ್ಕ ಹೀಗೆ. 6:30ಕ್ಕೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. 8 ಗಂಟೆಗೆ ಒಂದು ತಾಸು ಒಬ್ಬೊಬ್ಬರೇ ಶಾಸ್ತ್ರಪಾಠ, 9ಕ್ಕೆ ಇಬ್ಬರೂ ಎದುರುಬದುರು ಕೂತು ಇನ್ನಷ್ಟು ಹೊತ್ತು, ಆಮೇಲೆ ಭಾಷೆಗೆ ಅರ್ಧ ಅಥವಾ ಒಂದು ತಾಸು. ಅಲ್ಲಿಂದ ಹೊರಗೆ. ಮಧ್ಯಾಹ್ನದ ಊಟಕ್ಕೂ ಸಂಜೆಯ ಊಟಕ್ಕೂ ಒಂದೊಂದು ಗಂಟೆ. ರಾತ್ರಿ 9ಕ್ಕೆ ಮನೆ, ನಾಳೆಯ ಯೋಜನೆ, 10:30ಕ್ಕೆ ದೀಪ ಆರಬೇಕು. 2017ರಿಂದ ಊರಿನ ಅಭ್ಯಾಸ ನೋಡಿ ಹಿಂದೆ ಮುಂದೆ ಮಾಡಿಕೊಳ್ಳಲು ಸಡಿಲಿಕೆ ಇದೆ. ಸಿನಿಮಾ ಇಲ್ಲ, ಟಿವಿ ಇಲ್ಲ, ಈಜು ಇಲ್ಲ, ಪ್ರೀತಿ ಪ್ರೇಮದ ಮಾತೇ ಇಲ್ಲ. ಹೊರಗಿನಿಂದ ನೋಡಿದರೆ ಇದು ಮಿಲಿಟರಿ ಶಿಸ್ತು. ನನ್ನ ಲೆಕ್ಕದಲ್ಲಿ ಇದು ಶಿಸ್ತಿಗಿಂತ ಹೆಚ್ಚಾಗಿ ಊರುಗೋಲು. ಹತ್ತೊಂಬತ್ತರ ಹುಡುಗನಿಗೆ ದಿನವಿಡೀ ಅಪರಿಚಿತರಿಂದ ಬೇಡ ಅನ್ನಿಸಿಕೊಂಡು ಮರುದಿನ ಮತ್ತೆ ಹೊರಡಬೇಕಾದರೆ, ಈಗ ಏನು ಮಾಡಲಿ ಎಂದು ಯೋಚಿಸುವ ಬಿಡುವು ಸಿಗಬಾರದು. ಬಿಡುವು ಸಿಕ್ಕರೆ ಕುಸಿಯುತ್ತಾನೆ. ಕಾರ್ಯಕ್ರಮ ರದ್ದಾದ ಮಧ್ಯಾಹ್ನ ಎರಡರಿಂದ ಐದರ ನಡುವಿನ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೇ ಅನುಭವಸ್ಥರು ಪ್ರತಿ ಭೇಟಿಗೂ ಒಂದು ಬದಲಿ, ಆ ಬದಲಿಗೂ ಒಂದು ಬದಲಿ ಬರೆದಿಟ್ಟುಕೊಳ್ಳುತ್ತಾರೆ.

ಮನೆ ಬಾಗಿಲಿಗೆ ಹೋಗುವುದೆಂದರೆ ಬಾಗಿಲು ಕಾಣುವುದೇ ಅಪರೂಪ. ಕಾಣುವುದು ಇಂಟರ್‌ಕಾಮಿನ ಗುಂಡಿ ಮತ್ತು ಕ್ಯಾಮರಾ. ಒಳಗಿನವರು ಪರದೆಯಲ್ಲಿ ಇಬ್ಬರು ಟೈ ಕಟ್ಟಿದವರನ್ನು ನೋಡಿ ಅಲ್ಲಿಂದಲೇ ಕೆಕ್ಕೋ ದೆಸು ಅನ್ನುತ್ತಾರೆ. ಹೊಸಬನಿಗೆ ಇದೊಂದು ಬಲೆ. ನಿಘಂಟಿನಲ್ಲಿ ಆ ಪದಕ್ಕೆ ಚೆನ್ನಾಗಿದೆ, ಸೊಗಸಾಗಿದೆ ಅನ್ನುವ ಅರ್ಥ. ಬಾಗಿಲಲ್ಲಿ ಅದರ ಅರ್ಥ ಸಾಕು, ಬೇಡ. ಮೊದಲ ವಾರ ಹುಡುಗ ಹಿಗ್ಗಿ ಅಲ್ಲೇ ಕಾಯುತ್ತಾನೆ, ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಉತ್ತರ, ಆಗಲೇ ಸಾಕಷ್ಟಿದೆ ಎಂಬುದು. ಹಾಲಿನವನಿಗೆ ಹೇಳಿದ ಹಾಗೆ. ಮೂರನೆಯದು ಯೋಚಿಸುತ್ತೇನೆ ಅನ್ನುವುದು. ನಮ್ಮಲ್ಲಿ ಮದುವೆ ಸಂಬಂಧ ನೋಡಿ ಹೋದವರು ತಿಳಿಸ್ತೀವಿ ಅಂದರೆ ಎಷ್ಟು ಭರವಸೆಯೋ ಇಲ್ಲೂ ಅಷ್ಟೇ. ದಿನಾಂಕ ಗುರುತು ಹಾಕಿಕೊಂಡು ಮತ್ತೆ ಹೋದ ಹುಡುಗ ಎದುರಿನವರನ್ನೇ ಮುಜುಗರಕ್ಕೆ ತಳ್ಳುತ್ತಾನೆ. ಯಾವ ಬೇಡ ನಿಜವಾಗಿ ಬೇಡ, ಯಾವುದು ಈಗ ಬೇಡ ಎಂದು ಕಿವಿಗೆ ತಿಳಿಯಲು ಆರೇಳು ತಿಂಗಳು ಬೇಕು. ಅಷ್ಟು ಹೊತ್ತಿಗೆ ಸೇವೆಯ ಕಾಲುಭಾಗ ಮುಗಿದಿರುತ್ತದೆ.

ಅನುಮಾನಕ್ಕೆ ಕಾರಣವೂ ಇದೆ. 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೋ ಪಂಥದವರು ಟೋಕಿಯೋದ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ಬಿಟ್ಟರು. ಅಂದಿನಿಂದ ಬಾಗಿಲಿಗೆ ಬಂದು ಧರ್ಮ ಹೇಳುವ ಯಾರನ್ನು ಕಂಡರೂ ಜನ ಹಿಂದೆ ಸರಿಯತೊಡಗಿದರು. 2022ರ ಜುಲೈನಲ್ಲಿ ಮಾಜಿ ಪ್ರಧಾನಿ ಶಿಂಜೋ ಅಬೆಯವರ ಹತ್ಯೆಯಾದ ಮೇಲೆ, ಕೊಲೆಗಾರನ ಸಿಟ್ಟಿಗೆ ಕಾರಣವಾಗಿದ್ದ ಯೂನಿಫಿಕೇಷನ್ ಚರ್ಚ್ ಎಂಬ ಪಂಥದ ಹಣದ ವ್ಯವಹಾರ ಮನೆಮನೆಯ ಮಾತಾಯಿತು. ಈ ಎರಡಕ್ಕೂ ಸೈಕಲ್ ಹುಡುಗರಿಗೂ ಸಂಬಂಧವೇ ಇಲ್ಲ. ಇಂಟರ್‌ಕಾಮಿನ ಆ ಕಡೆಯವರಿಗೆ ಅದನ್ನು ವಿಂಗಡಿಸಿ ನೋಡುವ ಪುರುಸೊತ್ತೂ ಇಲ್ಲ. ಎಷ್ಟೋ ಕಡೆ ಇವರನ್ನು ಯೆಹೋವನ ಸಾಕ್ಷಿಗಳು ಎಂಬ, ಮನೆಮನೆಗೆ ಹೋಗುವ ಇನ್ನೊಂದು ಪಂಥದವರು ಅಂದುಕೊಂಡೇ ಕಳಿಸುತ್ತಾರೆ.

ಬಾಗಿಲು ತೆರೆದರೆ ಮುಂದಿನ ಪರೀಕ್ಷೆ ಶುರು. ಹೊಸ್ತಿಲಿನ ಗೆನ್‌ಕಾನ್‌ನಲ್ಲಿ ಬೂಟು ಬಿಡಬೇಕು, ಅದರ ಮೂತಿ ಹೊರಗೆ ತಿರುಗಿಸಿಡಬೇಕು. ಲೇಸಿನ ಬೂಟು ತಂದವನು ಪ್ರತಿ ಮನೆಯಲ್ಲೂ ಎರಡು ನಿಮಿಷ ಬಗ್ಗಿ ಒದ್ದಾಡುತ್ತಾನೆ. ಕಾಲುಚೀಲದ ತೂತು ಎಲ್ಲರಿಗೂ ಕಾಣುತ್ತದೆ. ಒಂಟಿ ಹೆಂಗಸು ಇರುವ ಮನೆಗೆ ಹುಡುಗರು ಕಾಲಿಡುವಂತಿಲ್ಲ, ಜೊತೆಗೆ ಇನ್ನೊಬ್ಬ ಗಂಡಸು ಇರಬೇಕು. ತತಾಮಿ ಚಾಪೆಯ ಮೇಲೆ ಮಂಡಿಯೂರಿ ಹಿಮ್ಮಡಿಯ ಮೇಲೆ ಕೂತರೆ ಇಪ್ಪತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಏಳುವಾಗ ಮುಗ್ಗರಿಸುವುದು ಸಾಮಾನ್ಯ, ಪಾಠಕ್ಕಿಂತ ಅದರಿಂದಲೇ ಸ್ನೇಹ ಕುದುರುವುದೂ ಉಂಟು.

ಅಷ್ಟರಲ್ಲಿ ಚಹಾ ಬರುತ್ತದೆ. 1833ರ ಒಂದು ದೈವವಾಣಿಯನ್ನು ಆಧರಿಸಿ ಈ ಚರ್ಚಿನವರು ಮದ್ಯ, ತಂಬಾಕು, ಕಾಫಿ, ಚಹಾ ಮುಟ್ಟುವುದಿಲ್ಲ. ಹಸಿರು ಚಹಾವೂ ಚಹಾವೇ ಎಂದು 2019ರಲ್ಲಿ ಮತ್ತೆ ಸ್ಪಷ್ಟಪಡಿಸಿದರು. ಜಪಾನಿನಲ್ಲಿ ಓಚಾ ನಿರಾಕರಿಸುವುದೆಂದರೆ ಹಾಸನದ ಮನೆಯಲ್ಲಿ ಕಾಫಿ ಬೇಡ ಅಂದ ಹಾಗೆ. ಬಾಯಿ ಬೇಡ ಅಂದರೆ ಆತಿಥ್ಯವನ್ನೇ ಬೇಡ ಅಂದಂತೆ ಕೇಳಿಸುತ್ತದೆ. ಪಾರಾಗುವ ದಾರಿ ಮುಗಿಚಾ, ಹುರಿದ ಬಾರ್ಲಿಯ ಕಷಾಯ. ಹೆಸರಿನಲ್ಲಿ ಚಾ ಇದ್ದರೂ ಚಹಾ ಎಲೆ ಇಲ್ಲ, ಹಾಗಾಗಿ ಅಡ್ಡಿಯಿಲ್ಲ. ಗೊತ್ತಿರುವ ಹುಡುಗರು ಲೋಟ ಬರುವ ತನಕ ಕಾಯುವುದಿಲ್ಲ. ಕೂರುವಾಗಲೇ ನಮಗೆ ನೀರೋ ಮುಗಿಚಾವೋ ಇದ್ದರೆ ಸಾಕು ಎಂದು ಹೇಳಿಬಿಡುತ್ತಾರೆ. ಸುರಿದಿಟ್ಟ ಚಹಾ ತಣ್ಣಗಾಗುತ್ತ ಎದುರಿಗೇ ಕೂತಿದ್ದರೆ ಏನು ಪಾಠ ಹೇಳಿದರೂ ಮನೆಯವರ ಕಣ್ಣು ಆ ಲೋಟದ ಮೇಲೇ.

ಇಷ್ಟೆಲ್ಲದರಲ್ಲೂ ಕಠಿಣವಾದದ್ದು ಬಾಗಿಲಿನ ಆಚೆಗಿಲ್ಲ, ಪಕ್ಕದಲ್ಲಿದೆ. ಅದು ಜೊತೆಗಾರ. ಜಪಾನಿಯಲ್ಲಿ ದೋರ್ಯೋ ಅನ್ನುತ್ತಾರೆ. ಆರಿಸಿಕೊಂಡವನಲ್ಲ, ಕೊಟ್ಟವನು. ಇಬ್ಬರೂ ಸದಾ ಒಬ್ಬರ ಕಣ್ಣಿಗೆ, ಕಿವಿಗೆ ಒಬ್ಬರು ಸಿಗುವಷ್ಟು ಹತ್ತಿರವೇ ಇರಬೇಕು. ಬಚ್ಚಲೊಂದೇ ಖಾಸಗಿ. ಒಂದೇ ಕೋಣೆಯಲ್ಲಿ ಮಲಗಬೇಕು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನ ದಿನವೂ ಹೋಯಿತು. ಹೆಸರು ಹಿಡಿದು ಕರೆಯುವಂತಿಲ್ಲ. ಎಲ್ಡರ್ ಅಥವಾ ಸಿಸ್ಟರ್ ಅಂದು ಮನೆತನದ ಹೆಸರು ಸೇರಿಸಬೇಕು, ಜಪಾನಿಯಲ್ಲಾದರೆ ಮನೆತನದ ಹೆಸರಿನ ಕೊನೆಗೆ ಚೋರೋ ಅಥವಾ ಶಿಮಾಯ್. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿದವನ ಸ್ವಂತ ಹೆಸರು ಬಾಯಲ್ಲಿ ಆಡದೆ ಹೋದವರಿದ್ದಾರೆ.

ಜಗಳ ಆಗುವುದು ತತ್ವಕ್ಕಲ್ಲ. ಪಾತ್ರೆ ತೊಳೆಯದ್ದಕ್ಕೆ, ಗೊರಕೆಗೆ, 6:30 ಅಂದರೆ 6:30 ಅನ್ನುವವನಿಗೂ ಇನ್ನೈದು ನಿಮಿಷ ಅನ್ನುವವನಿಗೂ. ಜಪಾನಿ ಹುಡುಗ ಮತ್ತು ಅಮೆರಿಕದ ಹುಡುಗ ಜೋಡಿಯಾದರೆ ಇನ್ನೊಂದು ತೊಡಕು. ಮನೆಯವರು ಜಪಾನಿಯವನ ಮುಖ ನೋಡಿಯೇ ಮಾತಾಡುತ್ತಾರೆ. ಇನ್ನೊಬ್ಬ ಗೊಂಬೆಯಂತೆ ಕೂರುತ್ತಾನೆ, ಅವನ ಭಾಷೆ ಬೆಳೆಯುವುದಿಲ್ಲ. ಇದಕ್ಕೆ ಮದ್ದು, ಪಾಠದ ಯಾವ ತುಂಡು ಯಾರು ಹೇಳುವುದೆಂದು ಮೊದಲೇ ಹಂಚಿಕೊಂಡು, ಎಷ್ಟೇ ತೊದಲಿದರೂ ಜೊತೆಗಾರ ಬಾಯಿ ಹಾಕದಿರುವುದು. ವಾರಕ್ಕೊಮ್ಮೆ ಇಬ್ಬರೂ ಕೂತು ಒಬ್ಬರ ಬಗ್ಗೆ ಒಬ್ಬರಿಗಿರುವ ಬೇಸರ ಮುಖಾಮುಖಿ ಹೇಳಿಕೊಳ್ಳುವ ನಿಯಮವೂ ಇದೆ. ಕಾಗದದ ಮೇಲೆ ಚೆಂದ. ನಿಜದಲ್ಲಿ ಇಬ್ಬರೂ ಏನಿಲ್ಲ, ಎಲ್ಲ ಸರಿ ಇದೆ ಎಂದು ಎದ್ದುಬಿಡುವ ವಾರಗಳೇ ಅಪಾಯದವು. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಆಗದ ಜೋಡಿ ಆ ದಿನವನ್ನು ಎಣಿಸುತ್ತದೆ, ಕೂಡಿದ ಜೋಡಿ ಅದೇ ದಿನಕ್ಕೆ ಹೆದರುತ್ತದೆ. ಹೊಸಬನಿಗೆ ಮಾತ್ರ ಮೊದಲ ಹನ್ನೆರಡು ವಾರ ಒಬ್ಬ ತರಬೇತುದಾರ ಇರುತ್ತಾನೆ. ಆ ತರಬೇತುದಾರ ಸೋಮಾರಿಯಾದರೆ ಹುಡುಗನ ಎರಡು ವರ್ಷವೂ ಸೊಟ್ಟಗೆ ಸಾಗುತ್ತದೆ ಎನ್ನುವುದು ಈ ವಲಯದಲ್ಲಿ ಎಲ್ಲರೂ ಬಲ್ಲ ಮಾತು.

ವರ್ಗಾವಣೆ ಅಂದರೆ ಪೆಟ್ಟಿಗೆ ಕಟ್ಟುವುದಷ್ಟೇ ಅಲ್ಲ. ಜಪಾನಿನಲ್ಲಿ ವಿದೇಶಿಯರು ಹೊಸ ಊರಿಗೆ ಬಂದ 14 ದಿನದೊಳಗೆ ಅಲ್ಲಿನ ನಗರ ಕಚೇರಿಗೆ ಹೋಗಿ ನಿವಾಸ ಕಾರ್ಡಿನ ಹಿಂದೆ ಹೊಸ ವಿಳಾಸ ಬರೆಸಿಕೊಳ್ಳಬೇಕು. ಹಳೆಯ ಊರಿನಲ್ಲಿ ಹೊರಡುವ ಮುಂಚೆಯೇ ಬಿಟ್ಟುಹೋಗುವ ಅರ್ಜಿ ಕೊಟ್ಟಿರಬೇಕು. ಅದನ್ನು ಮರೆತು ಬಂದವನು ಹೊಸ ಕಚೇರಿಯಲ್ಲಿ ಸರತಿ ನಿಂತು ವಾಪಸಾಗುತ್ತಾನೆ. ಆ ಕಾರ್ಡು ಸದಾ ಜೇಬಿನಲ್ಲಿ ಇರಲೇಬೇಕು, ಶರ್ಟು ಬದಲಾಯಿಸುವಾಗ ಬಿಟ್ಟುಬರುವುದು ಸಾಮಾನ್ಯ ತಪ್ಪು. ದೊಡ್ಡ ಪೆಟ್ಟಿಗೆಯನ್ನು ತಕ್ಕ್ಯೂಬಿನ್ ಪಾರ್ಸೆಲ್ಲಿನಲ್ಲಿ ಕಳಿಸಿ ಒಂದು ಚೀಲ ಮಾತ್ರ ಹಿಡಿದು ರೈಲು ಹತ್ತುವವನು ಜಾಣ. ಹೊಸ ಮನೆಯಲ್ಲಿ ಮೊದಲು ಓದಬೇಕಾದದ್ದು ಶಾಸ್ತ್ರವಲ್ಲ, ಗೋಡೆಗೆ ಅಂಟಿಸಿದ ಕಸದ ವೇಳಾಪಟ್ಟಿ. ಸುಡುವ ಕಸ ಒಂದು ದಿನ, ಪ್ಲಾಸ್ಟಿಕ್ ಬಾಟಲಿ ಇನ್ನೊಂದು ದಿನ, ಡಬ್ಬ ಬೇರೆ. ತಪ್ಪಿಟ್ಟರೆ ಗಾಡಿಯವರು ಚೀಟಿ ಅಂಟಿಸಿ ಬಿಟ್ಟುಹೋಗುತ್ತಾರೆ. ಬೀದಿಗೆಲ್ಲ ಗೊತ್ತಾಗುತ್ತದೆ ಅದು ಯಾರ ಚೀಲ ಎಂದು. ನಾಲ್ಕು ಪಾಠ ಕೆಡಿಸುವುದಕ್ಕಿಂತ ಹೆಚ್ಚಿನ ಹಾನಿ ಒಂದು ಕಸದ ಚೀಲದಿಂದ ಆಗಬಹುದು.

ಸೈಕಲ್ಲಿನ ಬಗ್ಗೆ. ಅಮೆರಿಕದವರು ರಸ್ತೆಯ ಬಲಕ್ಕೆ ಓಡಿಸಿ ಬೆಳೆದವರು, ಜಪಾನ್ ನಮ್ಮ ಹಾಗೆ ಎಡ. ಮೊದಲ ತಿಂಗಳು ತಿರುವಿನಲ್ಲಿ ತಪ್ಪು ದಿಕ್ಕಿಗೆ ನೋಡುವುದೇ ಬೀಳಲು ಮುಖ್ಯ ಕಾರಣ. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಓಡಿಸುವುದು ಅಲ್ಲಿ ನಿಯಮಕ್ಕೆ ವಿರುದ್ಧ. ಜೂನ್ ಜುಲೈನ ಮಳೆಗಾಲಕ್ಕೆ ಮೇಲೆ ಕೆಳಗೆ ಎರಡೂ ಇರುವ ರೇನ್‌ಕೋಟೇ ಬೇಕು, ಅದರೊಳಗೆ ಬೆವರಿಗೆ ಒದ್ದೆಯಾಗುವುದಂತೂ ತಪ್ಪಿದ್ದಲ್ಲ. ಎರಡು ಜೊತೆ ಬೂಟು ಇಟ್ಟು ದಿನ ಬಿಟ್ಟು ದಿನ ಹಾಕಬೇಕು, ಒಂದೇ ಜೊತೆಯಾದರೆ ಒಣಗುವುದಿಲ್ಲ, ಅಟ್ಟೆ ಕೊಳೆತು ಬಿಡುತ್ತದೆ. ಹುಡುಗಿಯರ ಉದ್ದ ಲಂಗ ಹಿಂಚಕ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು. 2018ರ ಕೊನೆಯಲ್ಲಿ ಪ್ಯಾಂಟು ಹಾಕಲು ಒಪ್ಪಿಗೆ ಸಿಕ್ಕಿತು. ಬಹಳ ತಡವಾಗಿ ಸಿಕ್ಕಿತು ಎನ್ನಬೇಕು. ಸಪ್ಪೊರೊ ಕಡೆ ಚಳಿಗಾಲದಲ್ಲಿ ಸೈಕಲ್ ಒಳಗೆ ಸೇರುತ್ತದೆ, ಮಂಜುಗಡ್ಡೆಯ ಮೇಲೆ ಬಾತುಕೋಳಿಯ ಹಾಗೆ ಸಣ್ಣ ಹೆಜ್ಜೆಯಿಟ್ಟು ನಡೆಯುವುದು ಕಲಿಯಬೇಕು.

ಜನರ ಜೊತೆ ನಿಜವಾಗಿ ಮಾತು ಬೆಳೆಯುವುದು ಬಾಗಿಲಲ್ಲಲ್ಲ, ಎಯ್ಕೈವಾದಲ್ಲಿ. ಅಂದರೆ ಚರ್ಚಿನಲ್ಲಿ ವಾರಕ್ಕೊಂದು ಸಂಜೆ ನಡೆಯುವ ಉಚಿತ ಇಂಗ್ಲಿಷ್ ಮಾತುಕತೆಯ ತರಗತಿ. ನಿವೃತ್ತರು, ಗೃಹಿಣಿಯರು, ಪರೀಕ್ಷೆಗೆ ಓದುವ ಮಕ್ಕಳು ಬರುತ್ತಾರೆ. ತರಗತಿಯ ನಂತರ ಇಷ್ಟವಿದ್ದವರಿಗೆ ಅರ್ಧ ತಾಸು ಧರ್ಮದ ಪಾಠ. ವರ್ಷಗಟ್ಟಲೆ ಇಂಗ್ಲಿಷಿಗೆ ಬಂದು ಒಮ್ಮೆಯೂ ಆ ಅರ್ಧ ತಾಸಿಗೆ ಕೂರದ ಅಜ್ಜಂದಿರಿದ್ದಾರೆ. ಅವರನ್ನು ಬೇಟೆಯಂತೆ ನೋಡುವ ಹುಡುಗನ ತರಗತಿ ಖಾಲಿಯಾಗುತ್ತದೆ. ತರಗತಿಯ ಪ್ರಚಾರದ ಚೀಟಿಯಲ್ಲಿ ಚರ್ಚಿನ ಹೆಸರು ಸಣ್ಣಕ್ಷರದಲ್ಲಿ ಅಡಗಿಸಿದರೂ ಅಷ್ಟೇ. ಬಂದವರು ಮೋಸ ಹೋದೆವೆಂದು ಮತ್ತೆ ಬರುವುದಿಲ್ಲ.

ಲೆಕ್ಕ ಒಪ್ಪಿಸುವುದು ಇದೆ. 2017ರ ತನಕ ಒಂಬತ್ತು ಅಂಕಿ ವಾರವಾರ ಕಳಿಸಬೇಕಿತ್ತು. ಆ ವರ್ಷ ಅದನ್ನು ನಾಲ್ಕಕ್ಕೆ ಇಳಿಸಿದರು: ಹೊಸದಾಗಿ ಪಾಠಕ್ಕೆ ಬಂದವರು, ಭಾನುವಾರ ಚರ್ಚಿಗೆ ಬಂದವರು, ದೀಕ್ಷೆಗೆ ದಿನ ಗೊತ್ತಾದವರು, ದೀಕ್ಷೆ ಪಡೆದವರು. ಅಂಕಿಯ ಹಿಂದೆ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಜಪಾನಿನಲ್ಲೇ ಉದಾಹರಣೆ ಇದೆ. 1980ರ ಆಸುಪಾಸಿನಲ್ಲಿ ಟೋಕಿಯೋದಲ್ಲಿ ಅವಸರದ ದೀಕ್ಷೆಗಳ ಸುಗ್ಗಿಯೇ ನಡೆಯಿತು. ಸಂಖ್ಯೆ ಏರಿತು, ಆದರೆ ಹಾಗೆ ಬಂದವರಲ್ಲಿ ಬಹಳ ಮಂದಿ ಚರ್ಚಿಗೆ ಮತ್ತೆ ಕಾಲಿಡಲಿಲ್ಲ. ಅವರ ಹೆಸರುಗಳು ಇಂದಿಗೂ ಸದಸ್ಯರ ಪಟ್ಟಿಯಲ್ಲಿವೆ, ಇಂದಿನ ಹುಡುಗರು ಆ ವಿಳಾಸ ಹುಡುಕಿಕೊಂಡು ಹೋಗಿ ಗುಂಡಿ ಒತ್ತುತ್ತಾರೆ. 1901ರಲ್ಲಿ ಮೊದಲ ನಾಲ್ವರು ಯೊಕೊಹಾಮಾದಲ್ಲಿ ಇಳಿದಾಗಲೂ ಫಲ ತೀರಾ ಸಣ್ಣದಿತ್ತು. 1924ರಲ್ಲಿ ಮಿಷನ್ ಮುಚ್ಚಿದರು, 1948ರಲ್ಲಿ ಮತ್ತೆ ತೆರೆದರು.

ಸೋಮವಾರ ಬಿಡುವು, ಸಂಜೆ 6ರವರೆಗೆ. ಬಟ್ಟೆ ಒಗೆಯಬೇಕು, ಸಾಮಾನು ತರಬೇಕು, ಕೂದಲು ಕತ್ತರಿಸಬೇಕು, ಮಿಷನ್ ಅಧ್ಯಕ್ಷರಿಗೆ ವಾರದ ಪತ್ರ ಬರೆಯಬೇಕು. 2019ರ ಫೆಬ್ರವರಿಯವರೆಗೆ ಮನೆಗೆ ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಈಗ ಪ್ರತಿ ಸೋಮವಾರ ವೀಡಿಯೊ ಕರೆ ಮಾಡಬಹುದು. ಕರೆ ಹೆಚ್ಚಾದರೆ ಮನೆಯ ನೆನಪು ಹೆಚ್ಚೀತು ಎಂದು ಹೆದರಿದವರಿದ್ದರು. ನನಗೆ ಅನ್ನಿಸುವುದು ಬೇರೆ: ದಪ್ಪಗೆ ಬರೆದ ಪತ್ರದಲ್ಲಿ ಎಲ್ಲ ಚೆನ್ನಾಗಿದೆ ಅನ್ನುವುದು ಸುಲಭ, ಪರದೆಯಲ್ಲಿ ಮಗನ ಮುಖ ಕಂಡರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಪಾಪಭಯ ಅತಿಯಾಗುವುದು, ಇವನ್ನೆಲ್ಲ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಬಣ್ಣಗಳಲ್ಲಿ ವಿವರಿಸುವ ಕೈಪಿಡಿ ಹುಡುಗರಿಗೆ ಕೊಡುತ್ತಾರೆ. ಕಿತ್ತಳೆಯಲ್ಲಿರುವಾಗ ಬಾಯಿ ಬಿಟ್ಟವನಿಗೆ ಸಹಾಯ ಸಿಗುತ್ತದೆ. ಅವಧಿಗೆ ಮುಂಚೆ ಮನೆಗೆ ಮರಳುವುದು ಅವಮಾನ ಅನ್ನುವ ಭಾವನೆ ಆ ಸಮುದಾಯದಲ್ಲಿ ಇನ್ನೂ ಇರುವುದರಿಂದ ಎಷ್ಟೋ ಹುಡುಗರು ಕೆಂಪು ಮುಟ್ಟುವ ತನಕ ಸುಮ್ಮನಿರುತ್ತಾರೆ.

ಕೊನೆಯ ಆರು ವಾರದಲ್ಲಿ ಮಾಡಬೇಕಾದ ಪಟ್ಟಿ ಚಿಕ್ಕದು. ಪಾಠ ಕೇಳುತ್ತಿರುವವರ ವಿವರಗಳನ್ನು, ಯಾರಿಗೆ ಯಾವಾಗ ಹೋಗಬಾರದು ಎಂಬುದನ್ನೂ ಸೇರಿಸಿ, ಮುಂದಿನವನಿಗೆ ತಿಳಿಯುವಂತೆ ಬರೆದಿಡಬೇಕು. ನಗರ ಕಚೇರಿಯಲ್ಲಿ ದೇಶ ಬಿಡುವ ಅರ್ಜಿ ಕೊಡಬೇಕು. ಸೈಕಲ್ಲನ್ನು ಹೊಸಬನಿಗೆ ಬಿಟ್ಟುಹೋಗುವುದಾದರೆ ಅದರ ಮೇಲಿನ ಕಳ್ಳತನ ತಡೆ ನೋಂದಣಿಯ ಹೆಸರನ್ನೂ ಬದಲಿಸಿಕೊಡಬೇಕು, ಇಲ್ಲದಿದ್ದರೆ ಯಾವುದೋ ರಾತ್ರಿ ಪೊಲೀಸರು ಆ ಹೊಸಬನನ್ನು ನಿಲ್ಲಿಸಿ ಈ ಸೈಕಲ್ ಯಾರದ್ದೆಂದು ಕೇಳಿದಾಗ ಅವನ ಬಳಿ ಉತ್ತರಕ್ಕೆ ಶಬ್ದ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಿವಾಸ ಕಾರ್ಡಿಗೆ ತೂತು ಹೊಡೆದು ವಾಪಸು ಕೊಡುತ್ತಾರೆ. ಎದೆಯ ಫಲಕ ಮಾತ್ರ ಅಲ್ಲಿ ಕಳಚುವಂತಿಲ್ಲ. ಊರು ತಲುಪಿ ಅಲ್ಲಿನ ಸ್ಟೇಕ್, ಅಂದರೆ ಹಲವು ಸಭೆಗಳು ಸೇರಿದ ಘಟಕದ, ಅಧ್ಯಕ್ಷರು ಬಿಡುಗಡೆ ಮಾಡುವವರೆಗೆ ಅವನು ಮಿಷನರಿಯೇ, ನಿಯಮಗಳೂ ಅವೇ. ಅದಾದ ಮೇಲೆ ಅವನು ಫಲಕ ತೆಗೆದು ಜೇಬಿಗೆ ಹಾಕಿಕೊಂಡು, ಎರಡು ವರ್ಷಗಳಲ್ಲಿ ಮೊದಲ ಸಲ, ಯಾರೂ ಜೊತೆಗಿಲ್ಲದೆ ಬೀದಿಗೆ ಇಳಿಯಬಹುದು. ಹಾಗೆ ಇಳಿದವರು ನಾಲ್ಕು ಹೆಜ್ಜೆಗೊಮ್ಮೆ ಪಕ್ಕಕ್ಕೆ ತಿರುಗಿ ನೋಡುತ್ತಾರೆ.